ವಿಮಾನ ಹತ್ತದ ಗುಂಡುಕಲ್ಲು

ವಿಮಾನದಲ್ಲಿ ರುಬ್ಬುವ ಕಲ್ಲು ಒಯ್ಯಲು ಹೊರಟವಳು ನಾನು. ಈಗಲೂ ನಮ್ಮೂರು ಕೆತ್ತಿಯ ಬಸ್ ಸ್ಟಾಪಿನಲ್ಲಿ ಆ ಮಾತು ಎದ್ದರೆ ಜನ ನಗುತ್ತಾರೆ. ನಗಲಿ ಬಿಡಿ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ. ಆದರೆ ನಕ್ಕವರನ್ನೆಲ್ಲ ಅಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡು ಮೊದಲಿಂದ ಹೇಳುವಷ್ಟು ತಾಳ್ಮೆ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಚಾಮರಾಜನಗರದ ಕಡೆಯಿಂದ ನೀಲಗಿರಿಯ ಈ ಬೆಟ್ಟಕ್ಕೆ ಬಂದು ಬೀಜ, ಗೊಬ್ಬರದ ಅಂಗಡಿ ಹಾಕಿದರು. ಅವ್ವ ಬರುವಾಗ ತನ್ನ ತವರಿನಿಂದ ಒಂದು ಸಣ್ಣ ಒರಳು ತಂದಿದ್ದಳು. ಒರಳು ಯಾವಾಗಲೋ ಬಿರುಕು ಬಿಟ್ಟು ಹಿತ್ತಲು ಸೇರಿತು, ಅದರ ಜಾಗಕ್ಕೆ ಮಿಕ್ಸಿ ಬಂತು. ಅದರ ಗುಂಡುಕಲ್ಲು ಮಾತ್ರ ಅಡುಗೆಮನೆಯ ಮೂಲೆಯಲ್ಲೇ ಉಳಿಯಿತು. ರುಬ್ಬಿ ರುಬ್ಬಿ ನುಣುಪಾದ ಕರಿಯ ಕಲ್ಲು, ಎರಡು ಕೈಯಲ್ಲಿ ಹಿಡಿದರೆ ತುಂಬುವಷ್ಟು. ಅದನ್ನು ಯಾರೂ ಹೊರಗೆ ಹಾಕಲಿಲ್ಲ, ಏಕೆಂದರೆ ಅದು ನಮ್ಮ ಮನೆಯ ಎಲ್ಲ ಮಕ್ಕಳಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿದ ಕಲ್ಲು.

ನಮ್ಮಲ್ಲಿ ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲನ್ನು ಹಾಕುತ್ತಾರೆ. ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಸುತ್ತಿ, ಅದಕ್ಕೊಂದು ಕುಲಾವಿಯನ್ನೂ ತೊಡಿಸುತ್ತಾರೆ. ಹೆಂಗಸರು ತೊಟ್ಟಿಲ ಸುತ್ತ ನಿಂತು ಕೂಸನ್ನು ಕೊಟ್ಟಂತೆಯೇ ಅದನ್ನು ಕೈಯಿಂದ ಕೈಗೆ ದಾಟಿಸಿ, ಮಲಗಿಸಿ, ಒಂದೆರಡು ಸಲ ತೂಗುತ್ತಾರೆ. ಆಮೇಲೆ ಕಲ್ಲನ್ನೆತ್ತಿ ಕೂಸನ್ನು ಮಲಗಿಸುತ್ತಾರೆ. ಮಗು ಕಲ್ಲಿನಷ್ಟು ಗಟ್ಟಿಯಾಗಿ ಬಾಳಲಿ ಎಂಬ ಆಸೆ, ಅಷ್ಟೇ. ಕಲ್ಲು ಬರಬೇಕಾದದ್ದು ಬಾಣಂತಿಯ ತವರಿನಿಂದ. ಮನೆಯಿಂದ ಹೊರಟ ಮೇಲೆ ತೊಟ್ಟಿಲು ಮುಟ್ಟುವವರೆಗೂ ಅದು ಮಡಿಲಲ್ಲೇ ಇರಬೇಕು, ದಾರಿಯಲ್ಲಿ ನೆಲಕ್ಕೆ ಇಳಿಸಬಾರದು, ಸಾಮಾನಿನ ನಡುವೆ ಎಸೆಯಬಾರದು. ಇದು ಅವ್ವನ ಕಟ್ಟಪ್ಪಣೆ. ಹೊಟ್ಟೆಯಲ್ಲಿರುವ ಕೂಸನ್ನು ಯಾರಾದರೂ ಗಾಡಿಯ ಡಿಕ್ಕಿಗೆ ಹಾಕುತ್ತಾರಾ ಎಂದು ಅವಳು ಕೇಳುತ್ತಿದ್ದಳು.

ಆ ಕಲ್ಲನ್ನು ತೊಳೆದವಳು ಯಾವಾಗಲೂ ನಾನೇ. ಆದರೆ ಒಂದು ಸಲವೂ ತೊಟ್ಟಿಲಿಗೆ ಹಾಕಿದವಳಲ್ಲ. ಮದುವೆಯಾಗಿ ಹೆಚ್ಚು ದಿನ ಆಗುವ ಮೊದಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಮರಳಿದವಳು ನಾನು. ಅಕ್ಕನ ಮಗಳಿಗೆ ಹೆಸರಿಟ್ಟ ದಿನ ಹೆಂಗಸರೆಲ್ಲ ನಡುಮನೆಯಲ್ಲಿ ತೊಟ್ಟಿಲ ಸುತ್ತ ನಿಂತಾಗ ಅವ್ವ ನನ್ನ ಹತ್ತಿರ ಬಂದು, ಒಲೆಯ ಮೇಲಿನ ಹಾಲು ಉಕ್ಕೀತು, ನೋಡಿಕೋ ಎಂದಳು. ಹಾಲನ್ನು ಆಗಲೇ ಕೆಳಗಿಳಿಸಿ ಆಗಿತ್ತು. ಅದು ಅವ್ವನಿಗೂ ಗೊತ್ತು, ನನಗೂ ಗೊತ್ತು. ನಾನು ಹೋಗಿ ಆರುತ್ತಿದ್ದ ಹಾಲನ್ನು ನೋಡುತ್ತ ನಿಂತೆ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ, ಅವಳು ಬೆಳೆದದ್ದೇ ಹಾಗೆ. ಆದರೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ಅವ್ವ, ಅಪ್ಪ, ಅಕ್ಕ, ಭಾವ ಯಾರೂ ಇಲ್ಲ. ಉಳಿದವರು ಇಬ್ಬರು. ನಾನು ಇಲ್ಲಿ ಅಂಗಡಿಯಲ್ಲಿ, ಅಕ್ಕನ ಮಗಳು ದೆಹಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಕೆಲಸದಲ್ಲಿದ್ದ ಹುಡುಗನನ್ನು ಮದುವೆಯಾದಳು. ಬಾ ಚಿಕ್ಕವ್ವ, ಬಾ ಚಿಕ್ಕವ್ವ ಎಂದು ಎಷ್ಟೋ ಸಲ ಕರೆದಿದ್ದಳು. ಆಲೂಗಡ್ಡೆ ಬಿತ್ತನೆಯ ಕಾಲ, ಗೊಬ್ಬರದ ಲಾರಿ ಬರುವುದಿದೆ, ಮೊಣಕಾಲು ನೋವು ಎಂದು ನಾನು ಒಂದಲ್ಲ ಒಂದು ನೆಪ ಹೇಳುತ್ತಿದ್ದೆ. ಯಾರ ಮನೆಗೂ ಸುಮ್ಮನೆ ಹೋಗಿ ಕೂತು ಊಟ ಮಾಡಿ ಬರುವುದು ನನ್ನಿಂದ ಆಗದ ಕೆಲಸ. ನನಗೊಂದು ಕೆಲಸ ಬೇಕು, ಇಲ್ಲದಿದ್ದರೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ.

ಚೊಚ್ಚಲ ಬಾಣಂತನಕ್ಕೆ ಅವಳು ಕೆತ್ತಿಗೆ ಬರುತ್ತಾಳೆಂದು ನಾನು ಒಳಗೊಳಗೇ ಕಾದಿದ್ದೆ. ಕೋಣೆಗೆ ಸುಣ್ಣ ಹೊಡೆಸಿ, ಸ್ನಾನದ ಹಂಡೆಯನ್ನು ಕಲಾಯಿ ಮಾಡಿಸಿ ಇಟ್ಟಿದ್ದೆ. ಇಲ್ಲಿಯ ಚಳಿ, ಘಾಟಿ ರಸ್ತೆ, ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲದಿರುವುದು, ಹೀಗೆ ಏನೇನೋ ಲೆಕ್ಕ ಹಾಕಿ ಅವಳು ಅಲ್ಲೇ ಉಳಿದಳು. ಸರಿಯಾದ ಮಾತೇ. ಸರಿಯಾದ ಮಾತಿಗೆ ಎದುರಾಡಲು ಬರುವುದಿಲ್ಲವಲ್ಲ, ಬೇಸರ ಮಾತ್ರ ಮಾಡಿಕೊಳ್ಳಬಹುದು. ಹೆಣ್ಣು ಮಗುವಾಯಿತೆಂದು ಫೋನು ಬಂತು. ಕೆಲವು ದಿನ ಬಿಟ್ಟು ಮತ್ತೆ ಬಂತು.

"ಚಿಕ್ಕವ್ವ, ಹೆಸರಿಡೋ ದಿನಕ್ಕೆ ನಮ್ಮನೆ ಗುಂಡುಕಲ್ಲು ಬೇಕು ಕಣವ್ವ. ನೀನೇ ತರ್ಬೇಕು, ನೀನೇ ತೊಟ್ಲಿಗೆ ಹಾಕ್ಬೇಕು. ಕೊರಿಯರ್ ಗಿರಿಯರ್ ಅಂತ ಕತೆ ಹೇಳ್ಬೇಡ."

ತರ್ತೀನಿ ಎಂದೆ. ಅವಳ ತವರು ಎಂದರೆ ಈಗ ನಾನೊಬ್ಬಳೇ. ಇಷ್ಟು ವರ್ಷ ತೊಳೆದಿಟ್ಟ ಕಲ್ಲನ್ನು ಈಗ ನಾನೇ ತೊಟ್ಟಿಲಿಗೆ ಹಾಕುವವಳು. ಆ ದಿನ ಅಂಗಡಿಯಲ್ಲಿ ಬೀನ್ಸ್ ಬೀಜ ತೂಗುವಾಗ ಬಂದವರಿಗೆಲ್ಲ ಕೊಸರು ಒಂದು ಹಿಡಿ ಜಾಸ್ತಿಯೇ ಬಿತ್ತು.

ಟಿಕೆಟ್ಟನ್ನು ಅವಳೇ ಕಳಿಸಿದಳು. ಬೆಳಗಿನ ಬಸ್ಸಿನಲ್ಲಿ ಹೊರಟೆ. ಹೊಸ ಕೈಚೀಲದ ತುಂಬ ಬಾಣಂತಿಗೆಂದು ಬೆಟ್ಟದ ಬೆಳ್ಳುಳ್ಳಿ, ಒಣಶುಂಠಿ, ರಾಗಿಹಿಟ್ಟು, ಮಗುವಿಗೆ ನಾನೇ ಹೆಣೆದ ಸ್ವೆಟರು. ಕಲ್ಲು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಮಡಿಲಲ್ಲಿ. ಅರವಂಕಾಡಿನಲ್ಲಿ ಕಾರ್ಖಾನೆಯ ಪಾಳಿಗೆ ಹೋಗುವವರು ಹತ್ತಿ ಇಳಿದರು. ಕಂಡಕ್ಟರು ಗಂಟನ್ನು ನೋಡಿ, ಅಕ್ಕಾ, ಮಗುವಿನ ಮುಖ ಮುಚ್ಚಿದ್ದೀರಲ್ಲ, ಉಸಿರು ಕಟ್ಟೀತು ಎಂದ. ಕಲ್ಲು ಎಂದು ತಮಿಳಿನಲ್ಲಿ ಹೇಳಿ, ಯಾಕೆ ಎಂಬುದನ್ನೂ ಹೇಳಿದೆ. ಅವನು ನಕ್ಕು, ಹಾಗಿದ್ದರೆ ಅರ್ಧ ಟಿಕೆಟ್ಟೂ ಬೇಡ ಎಂದು ಮುಂದೆ ಹೋದ. ಘಾಟಿಯ ತಿರುವುಗಳಲ್ಲಿ ಪಕ್ಕದ ಹೆಂಗಸು ನನ್ನ ತೋಳಿನ ಜೊತೆ ಕಲ್ಲಿಗೂ ಒಂದು ಕೈ ಕೊಟ್ಟಳು. ಮೇಟ್ಟುಪಾಳ್ಯಂ ತಲುಪುವ ಹೊತ್ತಿಗೆ ಬೆವರತೊಡಗಿದ್ದೆ, ಆದರೆ ಅಷ್ಟು ಖುಷಿಯಾಗಿ ನಾನು ಆ ಘಾಟಿ ಇಳಿದದ್ದು ಬೇರೆ ನೆನಪಿಲ್ಲ.

ಕೊಯಮತ್ತೂರಿನ ವಿಮಾನ ನಿಲ್ದಾಣದಲ್ಲಿ ಕಲ್ಲನ್ನು ಚೀಲದೊಳಗೆ ಇಟ್ಟು ಚೀಲವನ್ನು ಎದೆಗೆ ಅವುಚಿಕೊಂಡೆ. ಕೌಂಟರಿನ ಹುಡುಗಿ ಮುಖವೆತ್ತದೆಯೇ, ವಿಮಾನದ ಕೆಳಗೆ ಸಾಮಾನಿನ ಜೊತೆ ಹಾಕುವ ಲಗೇಜು ಇದೆಯೇ ಎಂದು ಕೇಳಿದಳು. ಇಲ್ಲ, ಇದು ನನ್ನ ಜೊತೆಯೇ ಬರುತ್ತದೆ ಎಂದೆ. ಪೆನ್ನಿನ ತುದಿಯಿಂದ ತಕ್ಕಡಿ ತೋರಿಸಿದಳು. ಇಟ್ಟೆ. ತೂಕ ಹೆಚ್ಚಾಗಿತ್ತು. ಕೆಳಗೆ ಹಾಕಿ ಎಂದಳು. ಆಗುವುದಿಲ್ಲ ಎಂದೆ. ಹಾಗಾದರೆ ಕಡಿಮೆ ಮಾಡಿ ಎಂದು ಹೇಳಿ, ಕೈಯನ್ನು ನೊಣ ಓಡಿಸುವ ಹಾಗೆ ಆಡಿಸಿ, ನನ್ನ ಹಿಂದಿದ್ದವರನ್ನು ಕರೆದಳು.

ಜೀವನವೆಲ್ಲ ತಕ್ಕಡಿಯ ಹಿಂದೆ ನಿಂತವಳು ನಾನು. ತೂಕ ತೂಕವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗಿರಾಕಿಯ ಮುಖವನ್ನು ಒಂದು ಸಲವೂ ನೋಡದೆ ಯಾರಿಗೂ ನಾನು ಬೀಜ ತೂಗಿದ್ದಿಲ್ಲ. ಪಕ್ಕಕ್ಕೆ ಸರಿದು, ಮಂಡಿಯೂರಿ, ಎಲ್ಲರ ಕಾಲುಗಳ ನಡುವೆ ಚೀಲ ಬಿಚ್ಚಿದೆ. ಕಲ್ಲನ್ನು ಮಡಿಲಿಗೆ ತೆಗೆದುಕೊಂಡು ಉಳಿದದ್ದನ್ನು ಹೊರಗೆ ಹಾಕತೊಡಗಿದೆ. ಬೆಳ್ಳುಳ್ಳಿಯ ವಾಸನೆ ಎದ್ದಿತು. ಹುಡುಗಿ ಮೂಗಿಗೆ ಟಿಶ್ಯೂ ಹಿಡಿದು ಪಕ್ಕದ ಕೌಂಟರಿನವಳಿಗೆ ಏನೋ ಅಂದಳು, ಇಬ್ಬರೂ ನಕ್ಕರು. ಆ ವಾಸನೆಗಾಗಿಯೇ ಎಲ್ಲೆಲ್ಲಿಂದಲೋ ಬಂದು ಜನ ನಮ್ಮ ಬೆಟ್ಟದ ಬೆಳ್ಳುಳ್ಳಿ ಒಯ್ಯುತ್ತಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ದೆಹಲಿಗೆಂದು ತಂದಿದ್ದ ಎರಡು ಸ್ವೆಟರನ್ನು ಒಂದರ ಮೇಲೊಂದು ಹಾಕಿಕೊಂಡೆ, ಶಾಲು ಹೊದ್ದೆ, ರಾಗಿಹಿಟ್ಟನ್ನೂ ಅರ್ಧ ಬೆಳ್ಳುಳ್ಳಿಯನ್ನೂ ಕಸ ಗುಡಿಸುತ್ತಿದ್ದ ಹೆಂಗಸಿಗೆ ಕೊಟ್ಟೆ. ಆ ಸೆಕೆಯಲ್ಲಿ ಹಾಗೆ ಮುಸುಕಿಕೊಂಡು ಮತ್ತೆ ಸಾಲಿನಲ್ಲಿ ನಿಂತಾಗ ಹುಚ್ಚಿಯ ಹಾಗೆ ಕಾಣುತ್ತಿದ್ದೆನೋ ಏನೋ. ಈ ಸಲ ತೂಕ ಹೊಂದಿತು. ವಿಮಾನ ಹತ್ತುವ ಚೀಟಿಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಜಾರಿಸಿದಳು.

ಭದ್ರತೆಯ ತಪಾಸಣೆಯಲ್ಲಿ ಚೀಲ ಬೆಲ್ಟಿನ ಮೇಲೆ ಹೋಯಿತು. ಬೆಲ್ಟು ನೆಲವಲ್ಲವಲ್ಲ ಎಂದು ಅವ್ವನಿಗೆ ಮನಸ್ಸಿನಲ್ಲೇ ಸಮಜಾಯಿಷಿ ಕೊಟ್ಟೆ. ಚೀಲ ಆಚೆ ಬರಲಿಲ್ಲ. ಪೊಲೀಸ್ ಹೆಂಗಸು ಗಂಟು ಬಿಚ್ಚಿಸಿ, ಕಲ್ಲು ನೋಡಿ, ಏನಿದು ಎಂದು ಮೆತ್ತಗೆ ಕೇಳಿದಳು. ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಇಂಥ ಭಾರದ ಕಲ್ಲನ್ನು ಕೈಯಲ್ಲಿ ಬಿಡುವ ಹಾಗಿಲ್ಲಮ್ಮ, ವಿಮಾನದವರ ಹತ್ತಿರ ಹೋಗಿ ಕೆಳಗಿನ ಲಗೇಜಿಗೆ ಹಾಕಿಸಿಬಿಡಿ ಎಂದು ದಾರಿ ತೋರಿಸಿದಳು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಪಕ್ಕದಲ್ಲಿ ಒಂದು ದೊಡ್ಡ ಡಬ್ಬಿಯಿತ್ತು. ಜನರಿಂದ ಕಿತ್ತುಕೊಂಡ ಕತ್ತರಿ, ಲೈಟರು, ದೇವಸ್ಥಾನದಿಂದ ತಂದ ತೆಂಗಿನಕಾಯಿ ಎಲ್ಲ ಅದರಲ್ಲಿ ಬಿದ್ದಿದ್ದವು.

ಬಂದ ದಾರಿಯಲ್ಲೇ ವಾಪಸು ಹೋದೆ. ಆಯಿತು, ಕಲ್ಲು ಕೆಳಗೇ ಹೋಗಲಿ, ಅವ್ವ ಕ್ಷಮಿಸಲಿ ಎಂದುಕೊಂಡಿದ್ದೆ. ಹುಡುಗಿ ಗಡಿಯಾರ ನೋಡಿದಳು. ಲಗೇಜು ತೆಗೆದುಕೊಳ್ಳುವುದು ಮುಗಿಯಿತು, ಆಗಲೇ ಹೇಳಿದ್ದೆನಲ್ಲ ಎಂದಳು. ಹೇಳಿದ್ದಳು, ನಿಜ. ದುಡ್ಡು ಎಷ್ಟಾದರೂ ಕೊಡುತ್ತೇನೆ ಎಂದೆ. ಅವಳು ತನ್ನ ಮೇಲಿನವನನ್ನು ಕರೆದಳು. ಕೊರಳಿಗೆ ಟೈ, ಕಿವಿಗೆ ಫೋನು ಸಿಕ್ಕಿಸಿಕೊಂಡಿದ್ದ ಯುವಕ ಬಂದ. ಏನು ವಿಷಯ ಎಂದು ನನ್ನನ್ನು ಕೇಳಲಿಲ್ಲ, ಅವಳನ್ನು ಕೇಳಿದ. ಊಟಿಯಿಂದ ಕಲ್ಲು ತಂದಿದ್ದಾರೆ, ದೆಹಲಿಯಲ್ಲಿ ಕಲ್ಲಿಗೆ ಬರವಂತೆ ಎಂದಳು. ಸಾಲಿನಲ್ಲಿದ್ದವರಲ್ಲಿ ಒಂದಿಬ್ಬರು ನಕ್ಕರು. ಅವನು ಚೀಲ ತೋರಿಸಿ ಎಂದ. ಕಲ್ಲನ್ನು ಹೊರಗೆ ತೆಗೆಯುವಾಗ ಬೆವರಿದ ಕೈ ಜಾರಿ ಗಂಟು ನೆಲಕ್ಕೆ ಕೂತಿತು. ನಾನು ಬಗ್ಗುವ ಮೊದಲೇ ಅವನು ಶೂ ಕಾಲಿನಿಂದ ಅದನ್ನು ಗೋಡೆಯ ಕಡೆಗೆ ಸರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಗಂಟನ್ನೆತ್ತಿ ಎದೆಗೆ ಒತ್ತಿಕೊಂಡು, ಇದು ಮಗುವಿನ ತೊಟ್ಟಿಲಿಗೆ ಹೋಗುವ ಕಲ್ಲು, ಕಾಲು ತಾಗಿಸಬೇಡಿ ಎಂದೆ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಕಲ್ಲು ತಪಾಸಣೆ ಹತ್ತಿರದ ಡಬ್ಬಿಗೆ ಹಾಕಿ ವಿಮಾನ ಹತ್ತಿ. ಇಲ್ಲ ಅಂದ್ರೆ ಕಲ್ಲಿನ ಜೊತೆ ನೀವೂ ಇಲ್ಲೇ ಇರಿ."

ಅಷ್ಟು ಹೇಳಿ ಹೊರಟುಹೋದ. ಅವನ ತಮಿಳು ಶುದ್ಧವಾಗಿತ್ತು, ಬಹುವಚನವನ್ನೂ ಬಿಟ್ಟಿರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಬೈದು ಹಗುರಾಗುತ್ತಿದ್ದೆ.

ಬಾಗಿಲಿನ ಗಾಜಿನ ಹತ್ತಿರದ ಕುರ್ಚಿಯಲ್ಲಿ ಕೂತೆ. ಇನ್ನೊಂದು ಸಂಸಾರಕ್ಕೂ ಅದೇ ಹೊತ್ತಿಗೆ ತೂಕ ಹೆಚ್ಚಾಗಿತ್ತು. ಅವರ ಕಡೆಯ ಒಬ್ಬಳು ಹೆಂಗಸು ಉಪ್ಪಿನಕಾಯಿಯ ಭರಣಿ, ಒಂದು ಹಿತ್ತಾಳೆಯ ದೀಪ, ಇನ್ನೇನೋ ಎರಡು ಪೊಟ್ಟಣ ಎತ್ತಿಕೊಂಡು ಬಾಗಿಲಿಗೆ ಓಡಿ, ಆಚೆ ನಿಂತಿದ್ದ ಅಣ್ಣನೋ ಮೈದುನನೋ, ಅವನ ಕೈಗೆ ಕೊಟ್ಟು, ಮುಂದಿನ ಸಲ ತಗೊಂಡು ಹೋಗ್ತೀವಿ ಎಂದು ನಗುತ್ತ ವಾಪಸು ಬಂದಳು. ಎಷ್ಟು ಸುಲಭ. ಆ ಬಾಗಿಲ ಆಚೆ ಒಬ್ಬ ಮನುಷ್ಯ ಇದ್ದರೆ ಸಾಕು. ನಾನು ಫೋನು ತೆಗೆದು ಹೆಸರುಗಳನ್ನು ನೋಡುತ್ತ ಹೋದೆ. ಬೀಜದ ಏಜೆಂಟು, ಗ್ಯಾಸಿನವನು, ಲಾರಿ ಆಫೀಸು, ಕೆತ್ತಿಯ ಪಕ್ಕದ ಮನೆ. ಕೊಯಮತ್ತೂರಿನಲ್ಲಿ, ಒಂದು ಕಲ್ಲನ್ನು ನಾಲ್ಕು ದಿನ ಇಟ್ಟುಕೊಳ್ಳಿ ಎಂದು ಕೇಳಬಹುದಾದ ಒಂದೇ ಒಂದು ಹೆಸರು ಇರಲಿಲ್ಲ. ಇಷ್ಟು ವಯಸ್ಸಾದ ಮೇಲೆ ಒಂಟಿತನ ಎಂದರೇನೆಂದು ನನಗೆ ಹೊಸದಾಗಿ ಗೊತ್ತಾಗಬೇಕಿರಲಿಲ್ಲ. ಆದರೂ ಅಷ್ಟು ಜನರ ನಡುವೆ ಆ ಕುರ್ಚಿಯಲ್ಲಿ ಅದು ಬಂದು ಪಕ್ಕದಲ್ಲೇ ಕೂತಿತು. ಸ್ವೆಟರುಗಳನ್ನು ಬಿಚ್ಚಬೇಕೆಂದೂ ತೋಚಲಿಲ್ಲ.

ಡಬ್ಬಿಗೆ ಹಾಕುವುದೆಂದರೇನು. ಅಕ್ಕನಿಗಿಂತ ಮೊದಲು, ನನಗಿಂತ ಮೊದಲು, ಅಕ್ಕನ ಮಗಳಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿದ್ದನ್ನು ಲೈಟರುಗಳ ಮೇಲೆ ಬೀಳಿಸಿ ಹೋಗುವುದು. ಅದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಆದರೆ ಅಷ್ಟೇ ಆಗಿದ್ದರೆ, ಹೊರಗೆ ಒಂದು ಮರದ ಬುಡದಲ್ಲಾದರೂ ಇಟ್ಟು ಬರಬಹುದಿತ್ತು. ಬರುವಾಗ ಸಿಕ್ಕರೆ ಸಿಕ್ಕಿತು. ಹಾಗೆ ಯೋಚಿಸಿ ಎದ್ದೂ ನಿಂತೆ. ಕಾಲು ಮುಂದೆ ಹೋಗದಂತೆ ಮಾಡಿದ್ದು ಬೇರೆ. ಕಲ್ಲಿಲ್ಲದೆ ಆ ಮನೆಯ ಬಾಗಿಲಲ್ಲಿ ನಾನು ಯಾರು? ಅವಳ ಅತ್ತೆಯ ಕಡೆಯವರು ತುಂಬ ಜನ ಬಂದಿರುತ್ತಾರೆ. ಕಲ್ಲು ತಂದವಳೆಂದರೆ ತವರಿನವಳು, ದಾರಿ ಬಿಡುತ್ತಾರೆ. ಬರಿಗೈಯಲ್ಲಿ ಹೋದರೆ ಗಂಡನಿಲ್ಲದ, ಮಕ್ಕಳಿಲ್ಲದ ಒಬ್ಬಳು ಮುದುಕಿ, ಮಲಗಲು ಒಂದು ಹಾಸಿಗೆ ಹುಡುಕಬೇಕಾದ ನೆಂಟಳು. ಮತ್ತೆ ಯಾರಾದರೂ ಹಾಲು ನೋಡಿಕೊಳ್ಳಲು ಹೇಳಿದರೆ? ಇದು ನನ್ನ ಮನಸ್ಸಿನಲ್ಲಿ ಇದ್ದ ಮಾತು, ಮುಚ್ಚಿಡುವುದಿಲ್ಲ.

ನನ್ನ ಹೆಸರನ್ನು ತಪ್ಪುತಪ್ಪಾಗಿ ಕೂಗಿದರು. ಇನ್ನೊಂದು ಸಲ ಕೂಗಿದರು. ನಾನು ಗಂಟಿನ ಮೇಲೆ ಎರಡು ಕೈಯಿಟ್ಟು ಕೂತೇ ಇದ್ದೆ. ಕೂಗುವುದು ನಿಂತಿತು. ಕೌಂಟರಿನ ಹುಡುಗಿ ಎದ್ದು ಬಾಟಲಿಯಿಂದ ನೀರು ಕುಡಿದು, ಮೊದಲ ಸಲ ನನ್ನ ಮುಖ ನೋಡಿದಳು. ಸುಸ್ತಾಗಿದ್ದ ಹುಡುಗಿ. ಅವಳಿಗೇನಾದರೂ ಅನ್ನಿಸಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಹೊರಗೆ ಬರಲು ಕೂಡ ಅಪ್ಪಣೆ ಬೇಕಾಗಿತ್ತು. ಯಾಕೆ ಹೋಗಲಿಲ್ಲ ಎಂದು ಬಾಗಿಲಿನವನು ಕೇಳಿದ, ಮನಸ್ಸಿಲ್ಲ ಎಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಕ್ಕನ ಮಗಳಿಗೆ ಫೋನು ಮಾಡಿ, ವಿಮಾನ ತಪ್ಪಿತು ಕಣವ್ವ ಎಂದೆ. ನಾಳೆಯದಕ್ಕೆ ಟಿಕೆಟ್ ಮಾಡಿಸುತ್ತೇನೆ ಎಂದಳು. ಬೇಡ ಎಂದೆ. ಇವತ್ತು ಸಂಜೆಯದೂ ಇದೆ ಎಂದಳು. ಕಲ್ಲು ಬಿಡುವುದಿಲ್ಲವಂತೆ ಎಂದೆ, ಕೆಳಗಿನ ಲಗೇಜಿಗೆ ಹಾಕಿದರೆ ಬಿಡುತ್ತಾರೆಂದು ಹೇಳಲಿಲ್ಲ, ಆ ಕೌಂಟರಿನ ಮುಂದೆ ಮತ್ತೆ ನಿಲ್ಲುವ ಮನಸ್ಸಿರಲಿಲ್ಲ. ಅವಳು ಮತ್ತೆ ಕರೆಯಲಿಲ್ಲ, ಹುಷಾರಾಗಿ ಮನೆಗೆ ಹೋಗು ಎಂದಷ್ಟೇ ಹೇಳಿದಳು. ಯಾಕೆ ಕರೆಯಲಿಲ್ಲ ಎಂಬುದು ನನಗೆ ಆಗ ಅರ್ಥವಾಗಲಿಲ್ಲ. ಕೂನೂರು ದಾಟುವಾಗ ಮಂಜು ಇಳಿದಿತ್ತು. ಮನೆಯ ಬೀಗ ತೆಗೆದು ಕಲ್ಲನ್ನು ಮೂಲೆಯಲ್ಲಿಟ್ಟು, ಉಪ್ಪಿಟ್ಟು ಮಾಡಿಕೊಂಡು ತಿಂದೆ. ದೆಹಲಿಗೆ ಹೋಗಿದ್ದೀರೆಂದು ಅಂದುಕೊಂಡಿದ್ದೆವು ಎಂದು ಪಕ್ಕದ ಮನೆಯವರು ಮರುದಿನ ಕೇಳಿದಾಗ ವಿಮಾನದವರನ್ನು ಮನಸಾರೆ ಬೈದೆ. ದೂರು ಕೊಡಿ ಎಂದು ಎಲ್ಲರೂ ಹೇಳಿದರು. ಏನೆಂದು ಕೊಡಲಿ? ನಿಯಮ ಅವರ ಕಡೆಗಿತ್ತು. ನಗು, ಟಿಶ್ಯೂ, ಶೂ ಇವಕ್ಕೆಲ್ಲ ಯಾವ ನಿಯಮವಿದೆಯೋ ನನಗೆ ಗೊತ್ತಿಲ್ಲ.

ಹೆಸರಿಡುವುದನ್ನು ಫೋನಿನಲ್ಲಿ ತೋರಿಸಿದರು. ಅಂಗಡಿಯ ಅರ್ಧ ಬಾಗಿಲು ಎಳೆದು, ಒಂದು ಒಳ್ಳೆಯ ಸೀರೆ ಉಟ್ಟು ಕೂತು ನೋಡಿದೆ. ಚಿತ್ರ ಆಗಾಗ ನಿಂತುಹೋಗುತ್ತಿತ್ತು. ಅಲ್ಲಿಯ ಪಕ್ಕದ ಮನೆಯವರದ್ದೋ ಯಾರದ್ದೋ ಮಸಾಲೆ ಅರೆಯುವ ಕಲ್ಲೊಂದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದ್ದರು. ಅದನ್ನು ಹಿಡಿದು ಅಕ್ಕನ ಮಗಳು ಆಚೀಚೆ ನೋಡಿದಳು, ಯಾರಿಗೂ ಕೊಡದೆ ತಾನೇ ಬಗ್ಗಿ ತೊಟ್ಟಿಲಲ್ಲಿ ಇಟ್ಟಳು. ಬಾಣಂತಿ ತಾನೇ ಹಾಕುವುದನ್ನು ನಾನು ಎಲ್ಲೂ ನೋಡಿಲ್ಲ. ಅತ್ತೆಯ ಕಡೆಯ ಹೆಂಗಸರು ಅಷ್ಟು ಜನ ಸುತ್ತ ನಿಂತಿದ್ದರು.

ಮರುದಿನ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಅವಳ ಫೋನು ಬಂತು. ನಾನು ಮತ್ತೆ ಶುರು ಮಾಡಿದೆ, ಆ ಹುಡುಗಿ ಹೀಗಂದಳು, ಆ ಯುವಕ ಹೀಗೆ ಕಾಲಲ್ಲಿ ಸರಿಸಿದ, ಕಲ್ಲನ್ನು ಬಿಟ್ಟು ನಾನು ಹೇಗೆ ಬರಲಿ ಎಂದು. ಅವಳು ನಡುವೆ ಬಾಯಿ ಹಾಕದೆ ಎಲ್ಲ ಕೇಳಿದಳು. ಕೊನೆಗೆ ಹೇಳಿದಳು.

"ಕಲ್ಲಿಗೇನ್ ಚಿಕ್ಕವ್ವ, ಇಲ್ಲೂ ಸಿಕ್ತದೆ. ನಾ ಸುಮ್ನೆ ಬಾ ಅಂದಿದ್ರೆ ನೀ ಬತ್ತಿದ್ಯಾ?"

ಬರುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆ ಕಡೆ ಕೂಸು ಅಳತೊಡಗಿತು. ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ.